ಸೈಟಿಗೆ ಯಾವ ಎಂಜಿನ್ ವೆಲ್ಡರ್? ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಕರೆಂಟ್ ಲೈನ್ ಇಲ್ಲದ ಜಾಗದಲ್ಲಿ ವೆಲ್ಡಿಂಗ್ ಮಾಡಬೇಕಾದವರ ಮುಂದೆ ಮುಖ್ಯವಾಗಿ ನಾಲ್ಕು ದಾರಿಗಳಿವೆ. ಚಿಕ್ಕ ಪೆಟ್ರೋಲ್ ಎಂಜಿನ್ನಿನ ವೆಲ್ಡರ್-ಜನರೇಟರ್ ಒಂದು. ಎರಡು ಸಿಲಿಂಡರಿನ ಮಧ್ಯಮ ಗಾತ್ರದ ಪೆಟ್ರೋಲ್ ಯಂತ್ರ ಇನ್ನೊಂದು. ಟ್ರೇಲರ್ ಮೇಲೆ ಕೂರುವ ಡೀಸೆಲ್ ಯಂತ್ರ ಮೂರನೆಯದು. ಬೇರೆ ಜನರೇಟರ್ ಇಟ್ಟುಕೊಂಡು ಅದಕ್ಕೆ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ (ಎಲೆಕ್ಟ್ರಾನಿಕ್ಸ್‌ನಿಂದ ನಡೆಯುವ ಹಗುರ ಮೆಷಿನ್, ಮನೆಯ ಬ್ಯಾಟರಿ ಇನ್ವರ್ಟರ್ ಅಲ್ಲ) ಜೋಡಿಸುವುದು ನಾಲ್ಕನೆಯದು. ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದವರನ್ನು ನಾನು ಮೊದಲು ಕೇಳುವುದು ಎರಡು ಮಾತು: ದಿನಾ ಹಾಕುವ ರಾಡ್ ಯಾವುದು? ರಾಡ್ ಉರಿಯುತ್ತಿರುವಾಗಲೇ ಪಕ್ಕದಲ್ಲಿ ಇನ್ನೇನು ಓಡುತ್ತಿರಬೇಕು?

ಈ ಎರಡಕ್ಕೂ ಉತ್ತರ ಬರೆದಿಟ್ಟುಕೊಂಡ ಮೇಲೆಯೇ ಕ್ಯಾಟಲಾಗ್ ತೆರೆಯಿರಿ. ಕ್ಯಾಟಲಾಗಿನಲ್ಲಿ ದಪ್ಪಕ್ಷರದಲ್ಲಿ ಇರುವುದು ಯಂತ್ರ ಒಂದು ಗಳಿಗೆ ಕೊಡಬಲ್ಲ ಗರಿಷ್ಠ ಆಂಪ್. ನಿಮಗೆ ಬೇಕಾಗಿರುವುದು ಅದು ಇಡೀ ದಿನ ಕೊಡಬಲ್ಲ ಆಂಪ್.

ಮೊದಲು ರಾಡ್, ಆಮೇಲೆ ಆಂಪ್

6013 ಎಂಬ ಸಾಮಾನ್ಯ ಬಗೆಯ ರಾಡಿನ ಲೆಕ್ಕದಲ್ಲಿ, 2.5 ಎಂಎಂ ಅಂದರೆ ಹನ್ನೆರಡು ಗೇಜ್ ರಾಡಿಗೆ 60ರಿಂದ 90 ಆಂಪ್ ಸಾಕು. 3.15 ಎಂಎಂ, ಅಂದರೆ ಹತ್ತು ಗೇಜಿಗೆ 90ರಿಂದ 130. ಎಂಟು ಗೇಜಿನ 4 ಎಂಎಂ ರಾಡಿಗೆ 140ರಿಂದ 180. ಅದೇ ದಪ್ಪದ 7018, ಅಂದರೆ ಗಟ್ಟಿ ಜಾಯಿಂಟಿಗೆ ಬಳಸುವ ಲೋ-ಹೈಡ್ರೋಜನ್ ರಾಡ್, ಇನ್ನಷ್ಟು ಕೇಳುತ್ತದೆ; 4 ಎಂಎಂಗೆ 200 ಆಂಪ್ ತನಕ ಹೋಗಬೇಕಾಗುತ್ತದೆ. ಗೇಟ್, ಗ್ರಿಲ್, ಶೀಟ್ ಶೆಡ್ಡಿನ ಕೆಲಸವೆಲ್ಲ ಹತ್ತು ಗೇಜಿನ ಒಳಗೇ ಮುಗಿಯುತ್ತದೆ. ಕಾಲಂ, ಬೀಮ್, ದಪ್ಪ ಪ್ಲೇಟ್ ಎಂದ ಕೂಡಲೇ ಎಂಟು ಗೇಜ್ ಬೇಕು. ಕಾರ್ಬನ್ ರಾಡಿನಿಂದ ಗೌಜಿಂಗ್ (ಲೋಹವನ್ನು ಕರಗಿಸಿ ಗಾಳಿಯಿಂದ ಊದಿ ತೆಗೆಯುವುದು) ಮಾಡುವವರ ಲೆಕ್ಕವೇ ಬೇರೆ: 6.5 ಎಂಎಂ ಕಾರ್ಬನ್‌ಗೆ 200ರಿಂದ 300 ಆಂಪ್, 8 ಎಂಎಂಗೆ 300ರ ಮೇಲೆ, ಜೊತೆಗೆ ದೊಡ್ಡ ಕಂಪ್ರೆಸರ್.

ಈಗ ಎಂಜಿನ್ ಕಡೆಗೆ ಬನ್ನಿ. ಸ್ಟಿಕ್ ವೆಲ್ಡಿಂಗ್, ಅಂದರೆ ರಾಡ್ ಹಿಡಿದು ಮಾಡುವ ವೆಲ್ಡಿಂಗ್‌ನಲ್ಲಿ, ರಾಡಿಗೂ ಲೋಹಕ್ಕೂ ನಡುವೆ ಉರಿಯುವ ಆರ್ಕ್‌ನ ವೋಲ್ಟೇಜ್ ಅಂದಾಜು ಮಾಡಲು ಒಂದು ಸುಲಭ ಸೂತ್ರವಿದೆ: 20ಕ್ಕೆ ಆಂಪಿನ 0.04 ಪಟ್ಟು ಕೂಡಿಸಿ. 200 ಆಂಪ್‌ಗೆ 28 ವೋಲ್ಟ್ ಬರುತ್ತದೆ. 200 ಗುಣಿಸು 28 ಅಂದರೆ 5.6 ಕಿಲೋವ್ಯಾಟ್ ಬರೀ ಆರ್ಕ್‌ನಲ್ಲೇ. ಆಲ್ಟರ್ನೇಟರ್, ರೆಕ್ಟಿಫೈಯರ್, ವೈಂಡಿಂಗ್ ಬಿಸಿ ಎಲ್ಲ ಕಳೆದು ಎಂಜಿನ್ ಶಕ್ತಿಯ ಶೇ 70ರಷ್ಟು ಆರ್ಕ್ ತಲುಪುತ್ತದೆ ಎಂದಿಟ್ಟುಕೊಂಡರೆ, ಎಂಜಿನ್ ಶಾಫ್ಟಿನಲ್ಲಿ 8 ಕಿಲೋವ್ಯಾಟ್ ಬೇಕು. ಚಿಕ್ಕ ವೆಲ್ಡರ್‌ಗಳಲ್ಲಿ ಬಹಳ ಕಾಣುವ ಹೋಂಡಾ ಜಿಎಕ್ಸ್ 390 ಎಂಜಿನ್ 389 ಸಿಸಿಯದು. 3600 ಆರ್‌ಪಿಎಂನಲ್ಲಿ ಅದರ ನಿವ್ವಳ ಶಕ್ತಿ 8.7 ಕಿಲೋವ್ಯಾಟ್. ಅಂದರೆ 200 ಆಂಪ್‌ಗೇ ಎಂಜಿನ್ ಹೆಚ್ಚುಕಡಿಮೆ ಪೂರ್ತಿ ಖರ್ಚಾಯಿತು. ಇದೇ ಗಾತ್ರದ ಎಂಜಿನ್ ಕೂರಿಸಿ ಮೈಮೇಲೆ 300 ಆಂಪ್ ಎಂದು ಬರೆದ ಯಂತ್ರ ಕಂಡರೆ ನಂಬಬೇಡಿ. 300 ಆಂಪ್‌ಗೆ 32 ವೋಲ್ಟ್, ಆರ್ಕ್‌ನಲ್ಲೇ 9.6 ಕಿಲೋವ್ಯಾಟ್. ಎಂಜಿನ್‌ನಲ್ಲಿ ಇಲ್ಲದ ಶಕ್ತಿ ಕೇಬಲ್‌ಗೆ ಎಲ್ಲಿಂದ ಬರಬೇಕು? ಯಾವ ಕಂಪನಿಯ ಯಂತ್ರವಾದರೂ ಮೊದಲು ಈ ಲೆಕ್ಕಕ್ಕೆ ಒಡ್ಡಿ ನೋಡಿ.

ಎತ್ತರದ ಜಾಗದಲ್ಲಿ ಕೆಲಸವಿದ್ದರೆ ಇನ್ನೂ ಸ್ವಲ್ಪ ಕಳೆಯಿರಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇ 1ರಷ್ಟು ಶಕ್ತಿ ಬಿಟ್ಟುಕೊಡುತ್ತದೆ. 1500 ಮೀಟರ್ ಎತ್ತರದಲ್ಲಿ ಶೇ 15 ಹೋದರೆ, 200 ಆಂಪ್ ಎಂದು ನೆಚ್ಚಿದ ಯಂತ್ರ ಎಂಟು ಗೇಜ್ ರಾಡಿಗೆ ಏದುಸಿರು ಬಿಡುತ್ತದೆ.

ಎಂಜಿನ್ ತಡೆದರೂ ವೈಂಡಿಂಗ್ ತಡೆಯಬೇಕಲ್ಲ, ಅದಕ್ಕೆ ಡ್ಯೂಟಿ ಸೈಕಲ್ ನೋಡಬೇಕು. ಹತ್ತು ನಿಮಿಷದಲ್ಲಿ ಎಷ್ಟು ನಿಮಿಷ ಆ ಆಂಪಿನಲ್ಲಿ ಆರ್ಕ್ ಹಿಡಿಯಬಹುದು ಎಂಬ ಲೆಕ್ಕ ಅದು. 200 ಆಂಪ್, ಶೇ 60 ಎಂದರೆ ಆರು ನಿಮಿಷ ವೆಲ್ಡಿಂಗ್, ನಾಲ್ಕು ನಿಮಿಷ ವಿಶ್ರಾಂತಿ. ನಿಲ್ಲದೆ ಎಷ್ಟು ಆಂಪ್ ಎಳೆಯಬಹುದು ಎಂದು ತಿಳಿಯಲು ಆಂಪನ್ನು ಡ್ಯೂಟಿ ಸೈಕಲ್‌ನ (ಶೇ 60 ಎಂದರೆ 0.6ರ) ವರ್ಗಮೂಲದಿಂದ ಗುಣಿಸಿ. 200 ಆಂಪ್ ಶೇ 60ರ ಯಂತ್ರ ನಿರಂತರವಾಗಿ 155 ಆಂಪ್ ಕೊಡುತ್ತದೆ. ಶೇ 35ರದ್ದಾದರೆ ಅದೇ 200 ಆಂಪ್ ಯಂತ್ರ 118 ಆಂಪ್‌ಗೆ ಇಳಿಯುತ್ತದೆ. ಅಂಗಡಿಯಲ್ಲಿ ಎರಡೂ "200 ಆಂಪ್ ಯಂತ್ರ"ಗಳೇ, ಸೈಟಿನಲ್ಲಿ ಒಂದು ಎಂಟು ಗೇಜಿನದು, ಇನ್ನೊಂದು ಹತ್ತು ಗೇಜಿನದು. ಈ ಅಂಕಿ ಎಷ್ಟು ಡಿಗ್ರಿ ಬಿಸಿಲಿನಲ್ಲಿ ಅಳೆದದ್ದು ಎಂದೂ ಕೇಳಿ. ಅಂತರರಾಷ್ಟ್ರೀಯ ಐಇಸಿ 60974-1 ಮಾನದಂಡ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆಯಲು ಹೇಳುತ್ತದೆ. ತಂಪು ಕೋಣೆಯಲ್ಲಿ ಅಳೆದ ಶೇ 60 ಬಿಸಿಲಿನ ಸೈಟಿನಲ್ಲಿ ಶೇ 60 ಆಗಿ ಉಳಿಯುವುದಿಲ್ಲ.

ಸ್ಟಿಕ್ ವೆಲ್ಡಿಂಗ್ ಮಾಡುವವರು ಈ ವಿಷಯದಲ್ಲಿ ಗಾಬರಿಯಾಗಬೇಕಿಲ್ಲ. ರಾಡ್ ಬದಲಿಸುವುದು, ಸ್ಲ್ಯಾಗ್ ಕುಟ್ಟುವುದು, ಬ್ರಷ್ ಹೊಡೆಯುವುದು, ಮುಂದಿನ ಜಾಯಿಂಟಿಗೆ ಸರಿಯುವುದು, ಇಷ್ಟರಲ್ಲಿ ಯಂತ್ರಕ್ಕೆ ಬೇಕಾದ ವಿಶ್ರಾಂತಿ ತಾನಾಗಿಯೇ ಸಿಗುತ್ತದೆ. ವೈರ್ ಫೀಡರ್ ಹಾಕಿ ಫ್ಲಕ್ಸ್-ಕೋರ್ (ರಾಡಿನ ಬದಲು ಒಳಗೆ ಫ್ಲಕ್ಸ್ ತುಂಬಿದ, ನಿಲ್ಲದೆ ಬರುವ ತಂತಿ) ಹೊಡೆಯುವವರು ಮಾತ್ರ ಎಚ್ಚರವಾಗಿರಬೇಕು, ಅಲ್ಲಿ ಆರ್ಕ್ ನಿಲ್ಲುವುದೇ ಕಡಿಮೆ.

ಆರ್ಕ್‌ನ ಬಗೆಯನ್ನೂ ನೋಡಿ. ಸ್ಟಿಕ್ ಮತ್ತು ಟಿಗ್‌ಗೆ (ಕರಗದ ಟಂಗ್‌ಸ್ಟನ್ ತುದಿಯಿಂದ ಮಾಡುವ ವೆಲ್ಡಿಂಗ್) ಆಂಪ್ ಸ್ಥಿರವಾಗಿರುವ ಸಿಸಿ ಔಟ್‌ಪುಟ್ ಬೇಕು. ಮಿಗ್ (ಗ್ಯಾಸ್ ಜೊತೆ ತಂತಿಯಿಂದ ಮಾಡುವ ವೆಲ್ಡಿಂಗ್) ಮತ್ತು ಫ್ಲಕ್ಸ್-ಕೋರ್‌ಗೆ ವೋಲ್ಟೇಜ್ ಸ್ಥಿರವಾಗಿರುವ ಸಿವಿ. ಅಗ್ಗದ ಕೆಲವು ಯಂತ್ರಗಳಲ್ಲಿ ಎಸಿ ಔಟ್‌ಪುಟ್ ಮಾತ್ರ ಇರುತ್ತದೆ. ಅದರಲ್ಲಿ 6013 ಚೆನ್ನಾಗಿ ಓಡುತ್ತದೆ, ಪೈಪ್‌ಲೈನ್ ಕೆಲಸದ 6010 ರಾಡ್ ಓಡುವುದಿಲ್ಲ. ಪೈಪ್ ಕೆಲಸ ಇದ್ದವರು ಡಿಸಿ ಇಲ್ಲದ ಯಂತ್ರವನ್ನು ಮುಟ್ಟಲೇಬೇಡಿ.

ವೆಲ್ಡಿಂಗ್ ನಡೆಯುವಾಗ ಗ್ರೈಂಡರ್ ಓಡಬೇಕೇ?

ಜನ ಹೆಚ್ಚಾಗಿ ಎಡವುವುದು ಇಲ್ಲಿ. ಬೋರ್ಡಿನ ಮೇಲೆ "200 ಆಂಪ್ ವೆಲ್ಡಿಂಗ್, 5 ಕೆವಿಎ ಪವರ್" ಎಂದಿರುತ್ತದೆ. ಎರಡೂ ಒಟ್ಟಿಗೆ ಸಿಗುತ್ತವೆ ಎಂದು ನಾವು ಓದಿಕೊಳ್ಳುತ್ತೇವೆ. ಎಂಜಿನ್ ಒಂದೇ. ಆರ್ಕ್‌ಗೆ ಹೋದದ್ದು ಸಾಕೆಟ್ಟಿಗೆ ಸಿಗುವುದಿಲ್ಲ. ಮೊದಲಿನ ಲೆಕ್ಕದ ಪ್ರಕಾರ 100 ಆಂಪ್‌ನಲ್ಲಿ ವೆಲ್ಡಿಂಗ್ ಮಾಡುವಾಗ ಆರ್ಕ್ 2.4 ಕಿಲೋವ್ಯಾಟ್, ಎಂಜಿನ್ ಮೇಲೆ ಸುಮಾರು 3.4 ಕಿಲೋವ್ಯಾಟ್ ಹೊರೆ. ಆಗ ಒಂದು ಏಳು ಇಂಚಿನ ಗ್ರೈಂಡರ್‌ಗೆ ಜಾಗವಿದೆ. 200 ಆಂಪ್‌ಗೆ ಏರಿಸಿದರೆ ಒಂದೆರಡು ಎಲ್ಇಡಿ ದೀಪಕ್ಕಿಂತ ಹೆಚ್ಚಿನದೇನೂ ಉಳಿಯುವುದಿಲ್ಲ. ಒಳ್ಳೆಯ ಕಂಪನಿಗಳು ಎಷ್ಟು ಆಂಪ್ ವೆಲ್ಡಿಂಗ್‌ಗೆ ಎಷ್ಟು ವ್ಯಾಟ್ ಸಾಕೆಟ್‌ನಲ್ಲಿ ಉಳಿಯುತ್ತದೆ ಎಂಬ ಪಟ್ಟಿಯನ್ನು ಮ್ಯಾನ್ಯುಯಲ್‌ನಲ್ಲೇ ಕೊಡುತ್ತವೆ. ಕೊಡದಿದ್ದರೆ ಕೇಳಿ, ಉತ್ತರ ಬರದಿದ್ದರೆ ಮುಂದಿನ ಅಂಗಡಿ ನೋಡಿ.

ನಾಲ್ಕು ಇಂಚಿನ ಗ್ರೈಂಡರ್ 800ರಿಂದ 1000 ವ್ಯಾಟ್, ಏಳು ಇಂಚಿನದು ಮತ್ತು ಹದಿನಾಲ್ಕು ಇಂಚಿನ ಕಟ್-ಆಫ್ ಮೆಷಿನ್ ತಲಾ 2000ದಿಂದ 2400 ವ್ಯಾಟ್. ಇವನ್ನು ಜನರೇಟರ್ ಹೇಗೋ ತಾಳಿಕೊಳ್ಳುತ್ತದೆ. ಕಷ್ಟ ಕೊಡುವುದು ಕಂಪ್ರೆಸರ್ ಮತ್ತು ನೀರಿನ ಪಂಪು. ಅವುಗಳ ಇಂಡಕ್ಷನ್ ಮೋಟಾರ್ ಸ್ಟಾರ್ಟ್ ಆಗುವ ಆ ಕ್ಷಣದಲ್ಲಿ ಓಡುವಾಗಿನ ಐದರಿಂದ ಏಳು ಪಟ್ಟು ಕರೆಂಟ್ ಎಳೆಯುತ್ತದೆ. ಇನ್ನು ಕೆವಿಎ ಅಂದರೆ ಕಿಲೋವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗುವ ಪಾಲು) 0.8 ಎಂದರೆ 5 ಕೆವಿಎಗೆ ಸಿಗುವುದು 4 ಕಿಲೋವ್ಯಾಟ್.

ಚಿಕ್ಕ ಪೆಟ್ರೋಲ್ ಯಂತ್ರ

150ರಿಂದ 200 ಆಂಪ್, ತೂಕ ಸುಮಾರು 80ರಿಂದ 120 ಕೆ.ಜಿ. ಇಬ್ಬರು ಹಿಡಿದು ಪಿಕಪ್‌ಗೆ ಹಾಕಬಹುದು, ಗಾಲಿ ಇದ್ದರೆ ಒಬ್ಬರೇ ಎಳೆದುಕೊಂಡು ಹೋಗಬಹುದು. ನಾಲ್ಕರಲ್ಲಿ ಕೊಳ್ಳುವ ಬೆಲೆಯೂ ಕಡಿಮೆಯ ಸಾಲಿನಲ್ಲಿದೆ. ಸುತ್ತಮುತ್ತ ಓಡಾಡಿ ರಿಪೇರಿ ಮಾಡುವವರು, ಬೇಲಿ ಮತ್ತು ಗೇಟ್ ಕೆಲಸದವರು, ದಿನಕ್ಕೆ ಎರಡು ಮೂರು ಗಂಟೆ ಮಾತ್ರ ಆರ್ಕ್ ಹಿಡಿಯುವವರು ಇದಕ್ಕಿಂತ ದೊಡ್ಡದನ್ನು ಹುಡುಕುವ ಅಗತ್ಯವಿಲ್ಲ.

ಖರ್ಚು ಕಾಣುವುದು ಆಮೇಲೆ. ಪೂರ್ತಿ ಲೋಡಿನಲ್ಲಿ 389 ಸಿಸಿ ಎಂಜಿನ್ ಗಂಟೆಗೆ ಸುಮಾರು 3.5 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಆ ಎಂಜಿನ್ನಿನ ಸ್ವಂತ ಟ್ಯಾಂಕ್ 6.1 ಲೀಟರಿನದು, ಎರಡು ಗಂಟೆಯೂ ಬರುವುದಿಲ್ಲ. ಆದ್ದರಿಂದ ಯಂತ್ರ ಕಟ್ಟುವವರು ದೊಡ್ಡ ಟ್ಯಾಂಕ್ ಕೂರಿಸಿದ್ದಾರೆಯೇ ಎಂದು ನೋಡಿ. ಬಿಸಿ ಎಂಜಿನ್‌ಗೆ ಪೆಟ್ರೋಲ್ ತುಂಬುವ ಹಾಗಿಲ್ಲ. ನಿಲ್ಲಿಸಿ, ಆರಲು ಬಿಟ್ಟು, ಕಿಡಿ ಹಾರುವ ಜಾಗದಿಂದ ದೂರ ಒಯ್ದು ತುಂಬಬೇಕು. ದಿನಕ್ಕೆ ನಾಲ್ಕು ಸಲ ಹೀಗೆ ಮಾಡಿದರೆ ಕೆಲಸದ ಹೊತ್ತು ಎಷ್ಟು ಹೋಯಿತು ಎಂದು ನೀವೇ ಲೆಕ್ಕ ಹಾಕಿ. 3000 ಅಥವಾ 3600 ಆರ್‌ಪಿಎಂನಲ್ಲಿ ಓಡುವುದರಿಂದ ಸದ್ದು ಜೋರು, ಸವೆತವೂ ಬೇಗ. ಈ ವರ್ಗದ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಮೊದಲ 20 ಗಂಟೆಗೆ ಒಮ್ಮೆ, ಆಮೇಲೆ ಪ್ರತಿ 100 ಗಂಟೆಗೆ ಆಯಿಲ್ ಬದಲಿಸಬೇಕು. ತಿಂಗಳುಗಟ್ಟಲೆ ಓಡಿಸದೆ ಇಡುವುದಾದರೆ ಕಾರ್ಬುರೇಟರ್‌ನ ಪೆಟ್ರೋಲ್ ಖಾಲಿ ಮಾಡಿಡಿ, ಇಲ್ಲದಿದ್ದರೆ ಒಳಗೆ ಅಂಟು ಕಟ್ಟುತ್ತದೆ.

ಎರಡು ಸಿಲಿಂಡರ್ ಪೆಟ್ರೋಲ್

225ರಿಂದ 300 ಆಂಪ್, ಸಾಕೆಟ್ಟಿನಲ್ಲಿ ಸುಮಾರು 9ರಿಂದ 10 ಕಿಲೋವ್ಯಾಟ್, ತೂಕ 200ರಿಂದ 250 ಕೆ.ಜಿ. ಮಿಲ್ಲರ್ ಬಾಬ್‌ಕ್ಯಾಟ್, ಲಿಂಕನ್ ರೇಂಜರ್ ಎಂಬ ಹೆಸರುಗಳು ಕೇಳಿದ್ದರೆ, ಈ ವರ್ಗ ಅದೇ. ಮಾದರಿ ನೋಡಿಕೊಂಡು ಕೊಂಡರೆ ಸಿಸಿ ಮತ್ತು ಸಿವಿ ಎರಡೂ ಒಂದೇ ಯಂತ್ರದಲ್ಲಿ ಸಿಗುತ್ತವೆ, ಸ್ಟಿಕ್ ಹಾಕುವವರು ನಾಳೆ ಫ್ಲಕ್ಸ್-ಕೋರ್‌ಗೆ ಹೋಗಬಹುದು. ಒಬ್ಬರು ಹತ್ತು ಗೇಜ್ ಹಾಕುತ್ತಿರುವಾಗ ಇನ್ನೊಬ್ಬರು ಏಳು ಇಂಚಿನ ಗ್ರೈಂಡರ್ ಹಿಡಿದರೂ ಆರ್ಕ್ ಅಲುಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಮೂರ್ನಾಲ್ಕು ಜನರ ಫ್ಯಾಬ್ರಿಕೇಶನ್ ತಂಡಕ್ಕೆ ಹೊಂದುವ ಗಾತ್ರ ಇದು.

ತೊಂದರೆ ತೂಕದ್ದು. ಇದನ್ನು ಎತ್ತಿ ಇಳಿಸುವುದು ಕೈಯಲ್ಲಿ ಆಗದ ಮಾತು. ಗಾಡಿಯ ಮೇಲೆ ಕಾಯಂ ಕೂರಿಸಿಬಿಡಬೇಕು, ಗಾಡಿ ಹೋಗದ ಕಡೆ ಕೇಬಲ್ ಎಳೆಯಬೇಕು. ವೆಲ್ಡಿಂಗ್ ಇಲ್ಲದೆ ದೀಪ ಉರಿಸುವುದಕ್ಕಷ್ಟೇ ಓಡಿಸಿದರೂ ದೊಡ್ಡ ಎಂಜಿನ್ ತನ್ನ ಪಾಲಿನ ಪೆಟ್ರೋಲ್ ಕುಡಿದೇ ಕುಡಿಯುತ್ತದೆ. ಹೀಗಾಗಿ ಆಟೋ-ಐಡಲ್ ಇಲ್ಲದ ಮಾದರಿ ಬೇಡ. ಆರ್ಕ್ ಬಿಟ್ಟು ಕೆಲವು ಸೆಕೆಂಡ್ ಆದ ಮೇಲೆ ಎಂಜಿನ್ ತಾನಾಗಿ ನಿಧಾನಕ್ಕೆ ಇಳಿಯಬೇಕು, ರಾಡ್ ತಟ್ಟಿದ ಕೂಡಲೇ ಏರಬೇಕು.

ಡೀಸೆಲ್

ದಿನಕ್ಕೆ ಆರೇಳು ಗಂಟೆ, ತಿಂಗಳಿಡೀ, ಒಂದೇ ಸೈಟಿನಲ್ಲಿ ಕೆಲಸ ಇದ್ದರೆ ಡೀಸೆಲ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಒಂದು ಕಿಲೋವ್ಯಾಟ್-ಗಂಟೆಗೆ ಚಿಕ್ಕ ಪೆಟ್ರೋಲ್ ಎಂಜಿನ್ 0.4 ಲೀಟರ್ ದಾಟಿದರೆ, ಡೀಸೆಲ್ 0.3 ಲೀಟರಿನ ಆಸುಪಾಸಿನಲ್ಲಿ ಮುಗಿಸುತ್ತದೆ. 8 ಕಿಲೋವ್ಯಾಟ್ ಹೊರೆಯಲ್ಲಿ ಗಂಟೆಗೆ ಒಂದು ಲೀಟರಿನಷ್ಟು ವ್ಯತ್ಯಾಸ. ಇದನ್ನು ನಿಮ್ಮ ಗಂಟೆಗಳಿಂದ ಗುಣಿಸಿದರೆ ಹೆಚ್ಚಿಗೆ ಕೊಟ್ಟ ಬೆಲೆ ಯಾವಾಗ ವಾಪಸ್ ಬರುತ್ತದೆ ಎಂದು ಗೊತ್ತಾಗುತ್ತದೆ. ಬೆಂಕಿಯ ಭಯವೂ ಕಡಿಮೆ. ಪೆಟ್ರೋಲ್ ಆವಿ ಕೊರೆಯುವ ಚಳಿಯಲ್ಲೂ ಕಿಡಿಗೆ ಹತ್ತಿಕೊಳ್ಳುತ್ತದೆ, ಡೀಸೆಲ್‌ಗೆ ಅದಕ್ಕಿಂತ ಬಹಳ ಹೆಚ್ಚಿನ ಬಿಸಿ ಬೇಕು. ಕೆಲವು ದೊಡ್ಡ ಸೈಟುಗಳಲ್ಲಿ ಪೆಟ್ರೋಲ್ ಯಂತ್ರವನ್ನು ಗೇಟಿನ ಒಳಗೇ ಬಿಡುವುದಿಲ್ಲ. ಅಂಥ ಕಡೆ ಗುತ್ತಿಗೆ ಹಿಡಿಯುವವರಿಗೆ ಆಯ್ಕೆಯೇ ಇಲ್ಲ.

ನೀರಿನಿಂದ ತಂಪಾಗುವ, 1500 ಆರ್‌ಪಿಎಂನಲ್ಲಿ ಓಡುವ 300ರಿಂದ 500 ಆಂಪಿನ ಯಂತ್ರ ಸದ್ದು ಕಡಿಮೆ ಮಾಡುತ್ತದೆ, ಬಾಳಿಕೆ ಹೆಚ್ಚು. ಗೌಜಿಂಗ್, ದಪ್ಪ ಪ್ಲೇಟ್, ಕೆಲವು ಮಾದರಿಗಳಲ್ಲಿ ಒಟ್ಟಿಗೆ ಇಬ್ಬರು ವೆಲ್ಡರ್‌ಗಳು, ಎಲ್ಲಕ್ಕೂ ಆಗುತ್ತದೆ. ತೂಕ ಮಾತ್ರ 400 ಕೆ.ಜಿ.ಯಿಂದ ಶುರುವಾಗಿ 800ರ ತನಕ ಹೋಗುತ್ತದೆ, ಟ್ರೇಲರ್ ಅಥವಾ ಕ್ರೇನ್ ಇಲ್ಲದೆ ಜಾಗ ಬದಲಿಸಲು ಆಗದು.

ಡೀಸೆಲ್‌ನ ಒಂದು ಗುಣ ಕೊಳ್ಳುವವರಿಗೆ ಯಾರೂ ಹೇಳುವುದಿಲ್ಲ. ಅದಕ್ಕೆ ಹೊರೆ ಬೇಕು. 400 ಆಂಪಿನ ಯಂತ್ರ ತಂದು ದಿನವಿಡೀ ಹನ್ನೆರಡು ಗೇಜ್ ರಾಡ್ ಹಾಕಿದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉಳಿದದ್ದು ಮಸಿ ಬೆರೆತ ಕಪ್ಪು ಜಿಡ್ಡಾಗಿ ಸೈಲೆನ್ಸರ್ ಜಾಯಿಂಟಿನಿಂದ ಜಿನುಗತೊಡಗುತ್ತದೆ. ಸಾಮರ್ಥ್ಯದ ಶೇ 30ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಓಡಿಸುವವರಿಗೆ ಈ ಕಾಯಿಲೆ ಖಚಿತ. "ಇರಲಿ, ದೊಡ್ಡದೇ ತರೋಣ" ಎಂಬ ಮಾತು ಪೆಟ್ರೋಲ್‌ನಲ್ಲಿ ದುಡ್ಡು ದಂಡ ಮಾಡಿದರೆ, ಡೀಸೆಲ್‌ನಲ್ಲಿ ಎಂಜಿನ್ನನ್ನೇ ಹಾಳು ಮಾಡುತ್ತದೆ.

ಜನರೇಟರ್ ಬೇರೆ, ಇನ್ವರ್ಟರ್ ಬೇರೆ

ಈಗಾಗಲೇ ಜನರೇಟರ್ ಇದ್ದವರಿಗೆ ಇದು ಮೊದಲು ನೋಡಬೇಕಾದ ದಾರಿ. 160-200 ಆಂಪಿನ ಇನ್ವರ್ಟರ್ ಮೆಷಿನ್ ಐದರಿಂದ ಎಂಟು ಕೆ.ಜಿ. ಇರುತ್ತದೆ, ಹೆಗಲಿಗೆ ಹಾಕಿಕೊಂಡು ಏಣಿ ಹತ್ತಬಹುದು. ಒಂದು ಕೆಟ್ಟರೆ ಇನ್ನೊಂದು ಕೆಲಸಕ್ಕೆ ಬರುತ್ತದೆ. ಲೈನ್ ಕರೆಂಟ್ ಬಂದ ದಿನ ಜನರೇಟರ್ ಬದಿಗಿಟ್ಟು ಅದೇ ಮೆಷಿನ್ ನಡೆಸಬಹುದು.

ಗಾತ್ರದ ಲೆಕ್ಕ ಇಲ್ಲಿ ಬೇರೆ. ಹತ್ತು ಗೇಜಿಗೆ 120 ಆಂಪ್ ಎಂದರೆ ಆರ್ಕ್‌ನಲ್ಲಿ ಸುಮಾರು 3 ಕಿಲೋವ್ಯಾಟ್, ಇನ್ವರ್ಟರ್ ಎಳೆಯುವುದು 3.6. ಪವರ್ ಫ್ಯಾಕ್ಟರ್ ಸರಿಪಡಿಸುವ ಪಿಎಫ್‌ಸಿ ಇಲ್ಲದ ಮೆಷಿನ್‌ನಲ್ಲಿ ಪವರ್ ಫ್ಯಾಕ್ಟರ್ 0.7ರ ಹತ್ತಿರ ಇರುವುದರಿಂದ ಜನರೇಟರ್ ಮೇಲೆ 5 ಕೆವಿಎ ದಾಟಿದ ಹೊರೆ ಬೀಳುತ್ತದೆ. ಪಿಎಫ್‌ಸಿ ಇದ್ದರೆ 4 ಕೆವಿಎ ಒಳಗೆ. ಸ್ವಲ್ಪ ಉಸಿರಾಡಲು ಜಾಗ ಬಿಟ್ಟರೆ ಮೊದಲನೆಯದಕ್ಕೆ 7 ಕೆವಿಎ, ಎರಡನೆಯದಕ್ಕೆ 5 ಕೆವಿಎ ಜನರೇಟರ್. ಪಿಎಫ್‌ಸಿ ಮೆಷಿನ್‌ಗೆ ಹೆಚ್ಚಿಗೆ ಕೊಟ್ಟ ಹಣ ಚಿಕ್ಕ ಜನರೇಟರ್ ರೂಪದಲ್ಲಿ ವಾಪಸ್ ಬರುತ್ತದೆ, ಡೀಲರ್‌ಗಳು ಇದನ್ನು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ. 200 ಆಂಪ್‌ನಲ್ಲೇ ದಿನಾ ಓಡಿಸುವವರಿಗೆ ಪಿಎಫ್‌ಸಿ ಇಲ್ಲದೆ 10 ಕೆವಿಎ ಹತ್ತಿರ ಬೇಕು. ಆಗ ಒಂದೇ ದೇಹದ ವೆಲ್ಡರ್-ಜನರೇಟರೇ ಮೇಲು.

ಇನ್ವರ್ಟರ್ ಒಳಗಿರುವುದು ಎಲೆಕ್ಟ್ರಾನಿಕ್ಸ್. ಆರ್ಕ್ ಕಡಿದಾಗ ಹೊರೆ ಒಮ್ಮೆಲೇ ಇಳಿದು ವೋಲ್ಟೇಜ್ ಜಿಗಿಯುತ್ತದೆ. ಎವಿಆರ್ (ವೋಲ್ಟೇಜನ್ನು ತಾನಾಗಿ ಹತೋಟಿಯಲ್ಲಿಡುವ ಸಾಧನ) ಇಲ್ಲದ ಅಗ್ಗದ ಜನರೇಟರ್ ಆ ಜಿಗಿತವನ್ನು ಹಿಡಿಯುವುದಿಲ್ಲ, ಇನ್ವರ್ಟರ್‌ನ ಸರ್ಕಿಟ್ ಬೋರ್ಡ್ ಸುಡುತ್ತದೆ. ಜನರೇಟರ್ ಮೊದಲು ಸ್ಟಾರ್ಟ್ ಮಾಡಿ, ಅದು ಒಂದು ಹದಕ್ಕೆ ಬಂದ ಮೇಲೆ ಮೆಷಿನ್ ಆನ್ ಮಾಡಿ. ನಿಲ್ಲಿಸುವಾಗ ಮೆಷಿನ್ ಮೊದಲು ಆಫ್ ಆಗಬೇಕು.

ದೂರದ ಕೆಲಸದಲ್ಲಿ ಈ ಜೋಡಿಗೆ ದೊಡ್ಡ ಅನುಕೂಲವಿದೆ. ಎಂಜಿನ್ ವೆಲ್ಡರ್‌ನಿಂದ 30 ಮೀಟರ್ ಹೋಗಿ ಬರುವ 35 ಚದರ ಮಿ.ಮೀ. ತಾಮ್ರದ ಕೇಬಲ್‌ನಲ್ಲಿ 200 ಆಂಪ್ ಹರಿದರೆ ದಾರಿಯಲ್ಲೇ 6 ವೋಲ್ಟ್ ಕಳೆದುಹೋಗುತ್ತದೆ, 25 ಚದರ ಮಿ.ಮೀ. ಆದರೆ 8.4 ವೋಲ್ಟ್. ಆರ್ಕ್‌ಗೆ ಬೇಕಾದ 28ರ ಮುಂದೆ ಇದು ಸಣ್ಣದಲ್ಲ. ಅದೇ ಶಕ್ತಿಯನ್ನು 230 ವೋಲ್ಟ್ ವೈರಿನಲ್ಲಿ ಕಳಿಸಿ, ವೆಲ್ಡಿಂಗ್ ಕೇಬಲ್ಲನ್ನು ಐದಾರು ಮೀಟರಿಗೆ ಇಳಿಸಿದರೆ ನಷ್ಟ ಬಹಳ ಕಡಿಮೆ. ಆದರೆ ಕಬ್ಬಿಣದ ಕಟ್ಟಡದ ಮೇಲೆ 230 ವೋಲ್ಟ್ ವೈರ್ ಎಳೆದಂತಾಯಿತು. ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಸ್ವಿಚ್ ಹಾಕಲೇಬೇಕು. ಜನರೇಟರ್‌ನ ನ್ಯೂಟ್ರಲ್ ಫ್ರೇಮಿಗೆ ಜೋಡಿಸಿಲ್ಲದಿದ್ದರೆ ಆರ್‌ಸಿಸಿಬಿ ಇದ್ದೂ ಟ್ರಿಪ್ ಆಗದೆ ಇರಬಹುದು, ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ಪರೀಕ್ಷೆ ಮಾಡಿಸಿ.

ಬ್ಯಾಟರಿಯಿಂದ ನಡೆಯುವ ವೆಲ್ಡರ್‌ಗಳೂ ಬಂದಿವೆ. ಒಂದು ಚಾರ್ಜಿಗೆ ಬೆರಳೆಣಿಕೆಯಿಂದ ಡಜನ್ನಿನ ಆಸುಪಾಸಿನ ರಾಡ್‌ಗಳು. ಎತ್ತರದಲ್ಲಿ ನಾಲ್ಕು ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚಿಕ್ಕ ವೆಲ್ಡ್) ಹಾಕಿ ಇಳಿಯುವ ಕೆಲಸಕ್ಕೆ ಚೆನ್ನ, ದಿನದ ದುಡಿಮೆಗೆ ಅಲ್ಲ.

ಯಾವುದೇ ಆಗಲಿ, ಇವೆರಡನ್ನು ಬಿಡಬೇಡಿ

ನೆಲಮಾಳಿಗೆ, ಟ್ಯಾಂಕ್, ಮುಚ್ಚಿದ ಶೆಡ್, ಇಲ್ಲೆಲ್ಲೂ ಎಂಜಿನ್ ಇಡಬಾರದು, ಕಿಟಕಿ ತೆರೆದಿದ್ದರೂ ಇಡಬಾರದು. ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತು ಎನ್ನುವಷ್ಟರಲ್ಲಿ ಕಾಲು ಏಳುವುದಿಲ್ಲ. ಯಂತ್ರ ಹೊರಗಿರಲಿ, ಕೇಬಲ್ ಒಳಗೆ ಹೋಗಲಿ. ಎರಡನೆಯದು ವಿಆರ್‌ಡಿ, ಅಂದರೆ ವೋಲ್ಟೇಜ್ ಇಳಿಸಿಡುವ ಸಾಧನ. ರಾಡ್ ತಟ್ಟುವ ಮೊದಲು ಹೋಲ್ಡರ್‌ನಲ್ಲಿ 70-80 ವೋಲ್ಟ್ ಇರುತ್ತದೆ. ಮಳೆಯಲ್ಲಿ ಒದ್ದೆಯಾದ ಗ್ಲೌಸ್, ಬೆವರಿದ ಬೆನ್ನು, ಸುತ್ತಲೂ ಕಬ್ಬಿಣ ಇರುವಾಗ ಅದು ಪ್ರಾಣಕ್ಕೆ ಎರವಾಗಬಲ್ಲದು. ವಿಆರ್‌ಡಿ ಆ ವೋಲ್ಟೇಜನ್ನು 35ಕ್ಕಿಂತ ಕೆಳಗೆ ಇಳಿಸಿಡುತ್ತದೆ. ಒದ್ದೆ ಜಾಗದಲ್ಲಿ, ಪೈಪಿನ ಒಳಗೆ ಕೆಲಸ ಮಾಡುವವರಿಗೆ ಇದು ಬೆಲೆ ನೋಡಿ ತೀರ್ಮಾನಿಸುವ ವಿಷಯವಲ್ಲ.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಯವರು ಒಂದು ಮೀಟರ್ ಕೇಬಲ್‌ನಲ್ಲಿ ಹನ್ನೆರಡು ಗೇಜ್ ರಾಡ್ ಹಚ್ಚಿ ತೋರಿಸಿದರೆ ಒಪ್ಪಬೇಡಿ. ನಿಮ್ಮ ರಾಡ್, ನಿಮ್ಮ ಪೂರ್ತಿ ಉದ್ದದ ಕೇಬಲ್, ನಿಮ್ಮ ದೊಡ್ಡ ಗ್ರೈಂಡರ್ ತೆಗೆದುಕೊಂಡು ಹೋಗಿ. ಆಟೋ-ಐಡಲ್ ಆನ್ ಇಟ್ಟು, ಎಂಜಿನ್ ನಿಧಾನಕ್ಕೆ ಇಳಿದ ಮೇಲೆ ರಾಡ್ ತಟ್ಟಿ. ಒಳ್ಳೆಯ ಯಂತ್ರ ಒಂದೆರಡು ಸೆಕೆಂಡಿನಲ್ಲಿ ಏರಿ ಆರ್ಕ್ ಹಿಡಿಯುತ್ತದೆ, ಕೆಟ್ಟದ್ದು ರಾಡ್ ಅಂಟಿಸಿಕೊಂಡು ಗೊಣಗುತ್ತದೆ. ಅರ್ಧ ರಾಡ್ ಉರಿದಾಗ ಜೊತೆಯವರಿಗೆ ಗ್ರೈಂಡರ್ ಒತ್ತಲು ಹೇಳಿ. ಆರ್ಕ್‌ನ ಸದ್ದು ಬದಲಾಯಿತೇ? ಕರಗಿದ ಲೋಹ ಕುಗ್ಗಿತೇ? ಆಮೇಲೆ ಬಿಡುವಿಲ್ಲದೆ ಎಂಟು ಗೇಜಿನ ನಾಲ್ಕೈದು ರಾಡ್ ಮುಗಿಸಿ, ಕೊನೆಯ ರಾಡ್ ಮೊದಲಿನದರಂತೆಯೇ ಉರಿಯಿತೇ ನೋಡಿ.

ಸೆಕೆಂಡ್ ಹ್ಯಾಂಡ್ ಆದರೆ ಹೋಗುವ ಮೊದಲೇ ಯಂತ್ರ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿ. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ಎಂಬುದೇ ಅರ್ಧ ಕಥೆ ಹೇಳುತ್ತದೆ. ನಿಲ್ಲದ ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಹೊರೆ ಕೊಟ್ಟಾಗ ಬಿಡದೆ ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಇಂಜೆಕ್ಟರ್ ಸರಿಯಿಲ್ಲ. ಬ್ರಷ್ ಮತ್ತು ಸ್ಲಿಪ್ ರಿಂಗ್ ಇರುವ ಯಂತ್ರವಾದರೆ ಮುಚ್ಚಳ ತೆಗೆಸಿ, ಬ್ರಷ್ ಎಷ್ಟು ಉಳಿದಿದೆ, ರಿಂಗ್ ಮೇಲೆ ಗೀರು ಬಿದ್ದಿದೆಯೇ ನೋಡಿ. ಅವರ್ ಮೀಟರ್ ಬದಲಿಸುವುದು ಸುಲಭ, ಆದ್ದರಿಂದ ಅದರ ಅಂಕಿಗಿಂತ ಸರ್ವಿಸ್ ದಾಖಲೆ ಹೆಚ್ಚು.

ಗೌಜಿಂಗ್‌ನಂಥ ಭಾರಿ ಕೆಲಸ ವರ್ಷದಲ್ಲಿ ಒಂದೆರಡು ವಾರ ಮಾತ್ರ ಬರುವುದಾದರೆ ಆ ವಾರಗಳಿಗೆ ದೊಡ್ಡ ಡೀಸೆಲ್ ಬಾಡಿಗೆಗೆ ತನ್ನಿ, ಸ್ವಂತಕ್ಕೆ ದಿನದ ರಾಡಿಗೆ ಹೊಂದುವುದನ್ನು ಕೊಳ್ಳಿ. ಎರಡು ಯಂತ್ರಗಳು ಎಲ್ಲದರಲ್ಲೂ ಸಮ ಎನಿಸಿದರೆ, ಎವಿಆರ್, ಬ್ರಷ್, ಫಿಲ್ಟರ್ ಯಾರ ಬಳಿ ಇವತ್ತೇ ಸ್ಟಾಕ್ ಇದೆ ಎಂದು ವಿಚಾರಿಸಿ, ಅವರಿಂದಲೇ ತೆಗೆದುಕೊಳ್ಳಿ.